ತೌಡಿಗೆ ಮಾರಿದ ಮಗ

"ಸೈಕಲ್ ಮಾರಿಬಿಡ್ರಿ ಪಪ್ಪಾ, ನನಗ ಬ್ಯಾಡಾಗೇತಿ" ಎಂದು ಶೀತಲ ಉಪ್ಪಿಟ್ಟಿನ ತಟ್ಟೆಯಿಂದ ತಲೆ ಎತ್ತದೆ ಹೇಳಿದಾಗ, ಕಲ್ಲೇಶನ ಎದೆಯಲ್ಲಿ ಎಷ್ಟೋ ದಿನದಿಂದ ಬಿಗಿದುಕೊಂಡಿದ್ದ ಗಂಟೊಂದು ಸಡಿಲಾಯಿತು. ಸಡಿಲಾದದ್ದು ಗೊತ್ತಾದ ಕೂಡಲೇ ಅವನಿಗೆ ನಾಚಿಕೆಯಾಯಿತು. ಒಂಬತ್ತು ವರ್ಷದ ಹುಡುಗಿ, ಊಟ ಬಿಟ್ಟು ಹಟ ಮಾಡಿ ಕೊಡಿಸಿಕೊಂಡ ಸೈಕಲ್ಲನ್ನು ತಾನೇ ಬೇಡ ಅನ್ನುತ್ತಿದ್ದಾಳೆ ಅಂದರೆ ಅಪ್ಪನಾದವನಿಗೆ ಕರುಳು ಚುರ್ ಅನ್ನಬೇಕು. ಅವನಿಗೆ ಮಾತ್ರ ತುಂಬಿದ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಷ್ಟು ಹಾಯೆನಿಸಿತ್ತು. ಮುಖದ ಮೇಲೆ ಅದು ಕಂಡಿತೋ ಏನೋ ಎಂದು ನೀರಿನ ಲೋಟ ಎತ್ತಿ ಬಾಯಿಗೆ ಅಡ್ಡ ಹಿಡಿದುಕೊಂಡ. ಕಿಟಕಿಯ ಹತ್ತಿರ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಅವನ ತಾಯಿ ಶಿವದೇವಿ, "ಶಾಣ್ಯಾಕಿ ನನ್ನ ಮೊಮ್ಮಗಳು. ಕೈಕಾಲು ನೆಟ್ಟಗಿದ್ರ ಎಲ್ಲಾ ಐತಿ. ಹೆಣ್ಣುಡುಗಿ ಬಿದ್ದು ಮಾರಿ ಒಡಕೊಂಡ್ರ ಯಾರು ನೋಡವ್ರು?" ಎಂದಳು. ಐದು ವರ್ಷದ ರೋಹಿತ, ಅಕ್ಕನ ತಟ್ಟೆಯಿಂದ ಗೋಡಂಬಿ ಆರಿಸುತ್ತಿದ್ದವನು, "ನನಗ ಕೊಡ್ರಿ, ನಾ ಬೀಳಂಗಿಲ್ಲ" ಎಂದ. ಅವನ ಮಾತು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸುಲ್ತಾನ್ ಬಜಾರಿಗೆ ಹೊರಟು ಸ್ಕೂಟಿಯ ಕೀಲಿ ಹುಡುಕುತ್ತಿದ್ದ ಹೆಂಡತಿ ಶೈಲಶ್ರೀ ಮಾತ್ರ ಹುಡುಕುವುದನ್ನು ನಿಲ್ಲಿಸಿ ಗಂಡನ ಮುಖವನ್ನೇ ನೋಡಿದಳು. "ಆಕಿಗೆ ಬ್ಯಾಡಾಗೇತೋ, ನಿಮಗ ಬ್ಯಾಡಾಗೇತೋ?" ಎಂದಳು. ಉತ್ತರಕ್ಕೆ ಕಾಯಲಿಲ್ಲ. ಕೀಲಿ ಫ್ರಿಜ್ಜಿನ ಮೇಲೆಯೇ ಇತ್ತು.

ಸ್ಕೂಟಿಯ ಸದ್ದು ಗಲ್ಲಿ ದಾಟಿ ಹೋಗುವವರೆಗೂ ಅವನು ಅಲ್ಲೇ ಕೂತಿದ್ದ. ಆ ಸ್ಕೂಟಿಯ ಹಿಂದಿನ ಸೀಟು ಅವನದು. ದಿನಾ ಬೆಳಿಗ್ಗೆ ಶೈಲಶ್ರೀ ಅವನನ್ನು ಮೆಹದಿಪಟ್ಟಣದ ಬಸ್ ಸ್ಟಾಪಿಗೆ ಬಿಡುತ್ತಾಳೆ. ಬುತ್ತಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಸಿಗ್ನಲ್ಲಿನಲ್ಲಿ ಅಕ್ಕಪಕ್ಕದವರ ಕಣ್ಣು ತಪ್ಪಿಸಲು ಫೋನು ನೋಡುತ್ತ, ಅವನು ಹಿಂದೆ ಕೂತಿರುತ್ತಾನೆ. ಅಲ್ಲಿಂದ ಬಸ್ಸು ಹಿಡಿದು ಕೊಂಡಾಪುರದ ಆಫೀಸಿಗೆ ಹೋದರೆ ಅಲ್ಲಿ ದಿನವಿಡೀ ಮೋಟಾರು ವಿಮೆಯ ಕ್ಲೇಮುಗಳು. ಯಾರದೋ ಬೈಕು ಯಾವುದೋ ಡಿವೈಡರಿಗೆ ಹೊಡೆದ ಫೋಟೋ, ಯಾರದೋ ಮೊಣಕಾಲಿನ ಎಕ್ಸರೇ. ಸಂಜೆ ಮನೆಗೆ ಬಂದವನಿಗೆ ಲೋಕವೆಲ್ಲ ಬೀಳಲು ತುದಿಗಾಲಲ್ಲಿ ನಿಂತ ಹಾಗೆ ಕಾಣುತ್ತಿತ್ತು. ಆ ಕಣ್ಣಿನಲ್ಲೇ ಅವನು ಮಗಳ ಸೈಕಲ್ಲಿನ ಸೀಟು ಹಿಡಿದು ಓಡುತ್ತಿದ್ದ. ಒಂದು ಕೈ ಸೀಟಿಗೆ, ಇನ್ನೊಂದು ಹ್ಯಾಂಡಲಿಗೆ. "ಬಿಡ್ರಿ ಪಪ್ಪಾ" ಎಂದು ಅವಳು ಕೂಗುತ್ತಿದ್ದಳು. "ಬಿಟ್ಟೀನಿ, ಬಿಟ್ಟೀನಿ, ನೀ ಹೋಗು" ಎನ್ನುತ್ತ ಅವನು ಇನ್ನೂ ಗಟ್ಟಿಯಾಗಿ ಹಿಡಿಯುತ್ತಿದ್ದ. ಮೊದಮೊದಲು ಅವಳು ನಂಬಿ ಮುಂದೆ ನೋಡಿ ತುಳಿದಳು. ಆಮೇಲೆ ನಂಬದೆ ತಿರುಗಿ ತಿರುಗಿ ನೋಡಿದಳು. ಕೊನೆಗೆ ನೋಡುವುದನ್ನೂ ಬಿಟ್ಟಳು. ಕೆಳಗಿನ ಮನೆಯ ತೆಲುಗು ಹುಡುಗರು ಆ ಸೈಕಲ್ಲಿಗೆ ಹೆಸರಿಟ್ಟಿದ್ದರು: ನಾನ್ನ ಬ್ರೇಕ್. ಅಪ್ಪನೇ ಬ್ರೇಕು. ನಿನ್ನೆ ಸಂಜೆ ಅವರು ಗೇಟಿನ ಮೇಲೆ ಸಾಲಾಗಿ ಕೂತು "ನಾನ್ನ ಬ್ರೇಕ್ ಒಸ್ತುಂದಿರೋ!", ಬಂತು ನೋಡ್ರೋ, ಎಂದು ಕೂಗಿದಾಗ ಶೀತಲ ಅಳಲಿಲ್ಲ, ಸಿಟ್ಟಾಗಲಿಲ್ಲ; ಅವರ ಜೊತೆ ಸೇರಿ ತಾನೂ ನಕ್ಕಳು. ಅವಳ ಆ ನಗೆ ಅವನಿಗೆ ಗುರುತಿನದು. ಇಪ್ಪತ್ತು ವರ್ಷ ಅದೇ ನಗೆಯನ್ನು ಅವನು ನಕ್ಕಿದ್ದ. ಯಾರಾದರೂ ಚೇಷ್ಟೆ ಮಾಡುವ ಮೊದಲೇ ತಾನೇ ನಕ್ಕುಬಿಡುವುದು, ಆಮೇಲೆ ಆಟದಿಂದ ಹೊರಗೆ ಉಳಿಯುವುದು. ಆ ನಗೆಯನ್ನು ಮಗಳಿಗೆ ಯಾವಾಗ ದಾಟಿಸಿದೆ ಎಂದು ಯೋಚಿಸುತ್ತ ರಾತ್ರಿ ಮಲಗಿದವನಿಗೆ ಬೆಳಿಗ್ಗೆ ಈ ಸಮಾಧಾನ.

ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು ಸೈಕಲ್ಲನ್ನು ಗೇಟಿನ ಹೊರಗೆ ತಂದ. ಕೊಂಡ ಅಂಗಡಿಗೇ ಮಾರಲೆಂದು ತಳ್ಳಿಕೊಂಡು ನಡೆದ. ನೇರಳೆ ಬಣ್ಣದ ಚಿಕ್ಕ ಸೈಕಲ್ಲು, ಅವನ ತೊಡೆಯಷ್ಟು ಎತ್ತರ, ಬಗ್ಗಿ ತಳ್ಳಬೇಕಿತ್ತು. ಭಾನುವಾರದ ಬೀದಿಗೆ ಬೇರೆ ಕೆಲಸವಿರಲಿಲ್ಲವೋ ಏನೋ, ಎಲ್ಲರಿಗೂ ಅವನೇ ಕಂಡ. ಹಾಲಿನ ಬೂತಿನವನು "ಪಂಚರಾ ಸಾಬ್?" ಎಂದ. ಹೌದೆಂದ. ಇಸ್ತ್ರಿ ಗಾಡಿಯವನು ಕೇಳಿದ. ಹೌದೆಂದ. ಕಾಲನಿಯ ಸೆಕ್ರೆಟರಿ ಟೈರಿನ ಕಡೆ ನೋಡಿ, ಗಾಳಿ ತುಂಬಿದ ಟೈರನ್ನು ಮತ್ತೊಮ್ಮೆ ನೋಡಿ, ಏನೂ ಕೇಳದೆ ಹೋದ. ಅದೇ ಹೆಚ್ಚು ಚುಚ್ಚಿತು. ನಲವತ್ತು ದಾಟಿದ ಗಂಡಸು ಒಳ್ಳೆಯ ಸೈಕಲ್ಲನ್ನು ಮೈಲುಗಟ್ಟಲೆ ನಡೆಸಿಕೊಂಡು ಹೋಗುತ್ತಿದ್ದರೆ ಅದಕ್ಕೆ ಎರಡೇ ಅರ್ಥ, ಕದ್ದಿರಬೇಕು ಇಲ್ಲ ಬಾರದಿರಬೇಕು. ಕದ್ದವನಾದರೆ ಹತ್ತಿ ಓಡಿರುತ್ತಿದ್ದ.

ಅವನ ಬಲ ಮೂಗಿನ ಹೊಳ್ಳೆಯ ಮೇಲೆ ಒಂದು ತೂತಿದೆ. ಆಫೀಸಿನವರು ಅದನ್ನು ಸಿಡುಬಿನ ಕಲೆ ಎಂದುಕೊಂಡಿದ್ದಾರೆ. ಅವನೂ ಹಾಗೆಂದೇ ಬಿಟ್ಟಿದ್ದಾನೆ. ಏಸಿಯ ಕೆಳಗೆ ಕೂತಾಗ ಆ ತೂತಿನಿಂದ ತಣ್ಣನೆಯ ಗಾಳಿ ತಲೆಯೊಳಗೆ ಹೋಗುತ್ತದೆ ಅನಿಸುತ್ತದೆ. ಲಿಂಗಸೂಗೂರಿನ ಕಡೆಯ ಹಳ್ಳಿಯಲ್ಲಿ, ಅವನಿಗಿಂತ ಮೊದಲು ಹುಟ್ಟಿದ ಮೂರು ಕೂಸುಗಳು ನೆಲ ಹಿಡಿಯದೆ ಹೋದ ಮೇಲೆ, ಇವನು ಹುಟ್ಟಿದ ಐದನೆಯ ದಿನ ಶಿವದೇವಿ ಇವನನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲೆ ಇಟ್ಟು ಬಂದಿದ್ದಳು. ಎಂಟು ಮಕ್ಕಳನ್ನು ಉಳಿಸಿಕೊಂಡಿದ್ದ ಪಕ್ಕದ ಮನೆಯ ಕಮಲಾಕ್ಷಿ ಬಂದು, "ಇದು ಯಾರದವ್ವಾ ಕೂಸು?" ಎಂದು ಊರು ಕೇಳುವ ಹಾಗೆ ಕೇಳಿದಳು. "ಯಾರದೋ ಏನೋ, ನನ್ನದಲ್ಲ, ಬೇಕಾದ್ರ ಒಯ್ಯಿ" ಎಂದು ಶಿವದೇವಿಯೂ ಊರು ಕೇಳುವ ಹಾಗೆ ಹೇಳಿದಳು. ಕಮಲಾಕ್ಷಿ ಒಂದು ಬೊಗಸೆ ತೌಡು ಕೊಟ್ಟು ಕೊಂಡಳು. ಮೂಗು ಚುಚ್ಚಿ, ಸಾವು ಕೂಡ ಎತ್ತಿಕೊಂಡು ಹೋಗದ ಹಾಗೆ ಕಲ್ಲ ಎಂದು ಹೆಸರಿಟ್ಟು, ಮತ್ತೆ ಶಿವದೇವಿಯ ಉಡಿಯಲ್ಲೇ ಹಾಕಿ "ನಮ್ಮ ಹುಡುಗ, ಜ್ವಾಕಿ" ಎಂದಳು. ಅಷ್ಟೇ. ಊರಲ್ಲಿ ಅಂಥವರು ಇನ್ನೂ ಇಬ್ಬರಿದ್ದರು. ಯಾರಿಗೂ ಅದು ವಿಶೇಷವಲ್ಲ. ಆದರೆ ಶಿವದೇವಿ ಆ ಮಾತನ್ನು ಆಟವೆಂದು ತಿಳಿಯಲಿಲ್ಲ. ಇನ್ನೊಬ್ಬರ ಸೊತ್ತನ್ನು ಮುಕ್ಕಾಗದಂತೆ ಕಾಯಬೇಕು, ಕೇಳಿದ ದಿನ ಇದ್ದ ಹಾಗೆ ತಿರುಗಿ ಕೊಡಬೇಕು, ಹಾಗೆ ಕಾದಳು. ಗಿಡ ಹತ್ತಿದರೆ ಎರಡು ಮನೆಗಳಿಂದ ಇಬ್ಬರು ಹೆಂಗಸರು ಚೀರಿಕೊಂಡು ಬರುತ್ತಿದ್ದರು. ಬಾವಿಗೆ ಹುಡುಗರು ಧುಮುಕುವಾಗ ಇವನು ಮೇಲಿನ ಮೆಟ್ಟಿಲಲ್ಲಿ ಕೂತು ಎಲ್ಲರ ಅಂಗಿ ಕಾಯುತ್ತಿದ್ದ. ಬಿಸಿಲಿಗೆ ಕಾದ ಅಂಗಿಗಳ ಬೆವರಿನ ವಾಸನೆ, ಕೆಳಗಿನಿಂದ ನೀರಿನ ಸದ್ದು, ನಗೆ. ಗೆಳೆಯರು ಬಾಡಿಗೆ ಸೈಕಲ್ಲು ತಂದು ಬಾರಿನ ಒಳಗೆ ಕಾಲು ತೂರಿಸಿ ಅರ್ಧ ಪೆಡಲು ಹೊಡೆಯುತ್ತ ಶಾಲೆಯ ಬಯಲಿನಲ್ಲಿ ಬಿದ್ದೆದ್ದಾಗಲೂ ಇವನದು ಅದೇ ಕೆಲಸ. ಕಾಯುವುದರಲ್ಲಿ ಅವನು ಎಷ್ಟು ಪಳಗಿದನೆಂದರೆ, ಕಾಯುವುದೇ ಒಳ್ಳೆಯತನ ಎಂದು ತಿಳಿದಿದ್ದ.

ಸೈಕಲ್ ಅಂಗಡಿಯ ಮುದುಕ ಇವನನ್ನು ಗುರುತು ಹಿಡಿದ. "ಕ್ಯಾ ಸಾಬ್, ಇತ್ತೀ ಜಲ್ದೀ ವಾಪಸ್?" ಎಂದು ನಕ್ಕ. ಕೊಂಡ ಸೈಕಲ್ಲಿನ ಮೈಮೇಲೆ ಒಂದು ಗೀರೂ ಇಲ್ಲ. ಅದನ್ನು ನೋಡಿ ಮುದುಕನಿಗೆ ಖುಷಿಯಾಗಬೇಕಿತ್ತು. ಅವನು ಮಾತ್ರ, ಮಗು ಓಡಿಸಲೇ ಇಲ್ಲವೇ ಎಂದು ಕೇಳಿದ. ಆಮೇಲೆ ಎದುರಿನ ರಸ್ತೆಯ ಕಡೆ ಗದ್ದ ಎತ್ತಿ, "ಏಕ್ ಚಕ್ಕರ್ ಮಾರಕೇ ಬತಾವ್, ಚೈನ್ ದೇಖತೂಂ" ಎಂದ. ಒಂದು ಸುತ್ತು ಹೊಡೆದು ತೋರಿಸು, ಅಷ್ಟೇ. ಪಂಚರು ಹಾಕಿಸಲು ಬಂದ ಇಬ್ಬರು ತರುಣರು ಸ್ಟೂಲಿನ ಮೇಲೆ ಚಹಾ ಕುಡಿಯುತ್ತಿದ್ದರು. ಅವರು ನೋಡುತ್ತಿರಲಿಲ್ಲ, ಆದರೂ ಅವರು ನೋಡುತ್ತಿದ್ದಾರೆಂದೇ ಕಲ್ಲೇಶನಿಗೆ ಅನಿಸಿತು. ಕಾಲು ನೋವು ಎಂದ. ಯಾವ ಕಾಲು ಎಂದು ಯಾರೂ ಕೇಳದಿದ್ದರೂ ಎಡಗಾಲು ಎಂದ. ಮುದುಕ ತಾನೇ ಏಳಲು ಹೋಗಿ, ಸೊಂಟ ಹಿಡಿದುಕೊಂಡು ಕೂತು, ಆ ತರುಣರಲ್ಲಿ ಒಬ್ಬನಿಗೆ ನೀನೇ ಓಡಿಸಿ ತೋರಿಸು ಎಂದು ಕೂಗಿದ. ತರುಣ ಎದ್ದು ಬಂದ, ಕೈ ಚಾಚಿದ. ಕಲ್ಲೇಶ ಹ್ಯಾಂಡಲು ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ಅವನಿಗೇ ತಿಳಿಯಲಿಲ್ಲ. ಆ ಹುಡುಗ ಎರಡು ತುಳಿತದಲ್ಲಿ ಅದನ್ನು ಹಾರಿಸಿಕೊಂಡು ಹೋಗುತ್ತಾನೆ, ಮಗಳು ಒಮ್ಮೆಯೂ ಹೋಗದ ಹಾಗೆ ಹೋಗುತ್ತಾನೆ, ಅದನ್ನು ತಾನು ನಿಂತು ನೋಡಬೇಕು, ನೋಡಿ ಕಾಯಬೇಕು. ಅಷ್ಟು ಮಾತ್ರ ಬೇಡವೆನಿಸಿತು. "ಫಿರ್ ಆತೂಂ ಚಾಚಾ", ಮತ್ತೆ ಬರುತ್ತೇನೆ, ಎಂದು ಸೈಕಲ್ಲು ತಿರುಗಿಸಿದ. "ಹೌ, ಬೇಟೀ ಕೂ ಲೇಕೇ ಆವ್" ಎಂದು ಮುದುಕ ಹಿಂದಿನಿಂದ ಹೇಳಿದ. ಮಗಳನ್ನು ಕರಕೊಂಡು ಬಾ.

ತಿರುಗಿ ಬರುವಾಗ ಎದುರಿನ ಬೀದಿ ಬೇಡವೆಂದು ಮನೆಯ ಹಿಂದಿನ ಗಲ್ಲಿ ಹಿಡಿದ. ಒಂದು ಕಡೆ ಶಾಲೆಯ ಉದ್ದನೆಯ ಗೋಡೆ, ಇನ್ನೊಂದು ಕಡೆ ಮನೆಗಳ ಬೆನ್ನು. ಭಾನುವಾರ ಅಲ್ಲಿ ನಾಯಿಯೂ ಇರುವುದಿಲ್ಲ. ಸಿಮೆಂಟು ಹಾಕಿದ ನೆಲ ಆ ತುದಿಯಿಂದ ಈ ತುದಿಗೆ ಸಣ್ಣಗೆ ಇಳಿಜಾರು. ಬಗ್ಗಿ ಬಗ್ಗಿ ಬೆನ್ನು ಹಿಡಿದಿತ್ತು. ಸುಧಾರಿಸಿಕೊಳ್ಳಲೆಂದು ಅವನು ಸೈಕಲ್ಲಿನ ಸೀಟಿನ ಮೇಲೆ ಕೂತ. ಕೂತ ಮೇಲೆ ತಿಳಿಯಿತು, ತಾನು ಸೈಕಲ್ಲಿನ ಮೇಲೆ ಕೂತಿದ್ದೇನೆ. ಎರಡೂ ಕಾಲು ಪೂರ್ತಿ ನೆಲದ ಮೇಲಿದ್ದವು. ಮೊಣಕಾಲುಗಳು ಹ್ಯಾಂಡಲಿಗಿಂತ ಮೇಲೆ ಬಂದಿದ್ದವು. ಯಾರಾದರೂ ನೋಡಿದರೆ ಕಪ್ಪೆ ಎನ್ನಬೇಕು. ಸುತ್ತ ನೋಡಿ, ಕೂತಲ್ಲಿಂದಲೇ ಒಂದು ಹೆಜ್ಜೆ ಹಾಕಿದ. ಸೈಕಲ್ಲು ಬಂತು. ಇನ್ನೊಂದು ಹಾಕಿದ. ಬಾತುಕೋಳಿಯ ಹಾಗೆ ಅತ್ತ ಒಂದು ಇತ್ತ ಒಂದು ಹೆಜ್ಜೆ ಹಾಕುತ್ತ ಸಾಗುತ್ತಿದ್ದಾಗ ಇಳಿಜಾರು ಅವನನ್ನು ತನ್ನಷ್ಟಕ್ಕೆ ಎಳೆಯಿತು, ಕಾಲು ನೆಲ ಬಿಟ್ಟವು, ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು, ಅಷ್ಟೇ, ಅವನನ್ನು ಯಾರೂ ಹಿಡಿದಿರಲಿಲ್ಲ. ಕಿವಿಯಲ್ಲಿ ಗಾಳಿ ಸಣ್ಣಗೆ ಸುಂಯ್ ಅಂದಿತು. ಮರುಕ್ಷಣ ಗಾಬರಿಯಾಗಿ ಎರಡೂ ಚಪ್ಪಲಿ ನೆಲಕ್ಕೆ ಉಜ್ಜಿ ನಿಲ್ಲಿಸಿದ. ಬಾವಿಯ ಮೇಲಿನ ಮೆಟ್ಟಿಲಲ್ಲಿ ಕೂತಾಗ ಕೆಳಗಿನಿಂದ ಕೇಳುತ್ತಿದ್ದ ನಗೆ ಇದ್ದಕ್ಕಿದ್ದಂತೆ ಅರ್ಥವಾಯಿತು. ಅವರು ಇವನನ್ನು ನೋಡಿ ನಗುತ್ತಿರಲಿಲ್ಲ. ಇವನನ್ನು ಅವರು ನೆನೆದೇ ಇರಲಿಲ್ಲ.

"ಪಪ್ಪಾ."

ಗಲ್ಲಿಯ ಬಾಯಲ್ಲಿ ಶೀತಲ ನಿಂತಿದ್ದಳು, ಕೈಯಲ್ಲಿ ಅವನು ಮರೆತು ಬಂದ ಫೋನು. ಪಕ್ಕದಲ್ಲಿ ರೋಹಿತ, ಎಡ ಬಲ ಅದಲು ಬದಲಾದ ಚಪ್ಪಲಿ ಹಾಕಿಕೊಂಡು.

"ಅಂಗಡ್ಯಾಗ ಇರ್ತೀರಿ ಅಂತ ಹೊಂಟಿದ್ವಿ" ಎಂದಳು. ಅವಳ ಕಣ್ಣು ಅವನ ಮೊಣಕಾಲಿನ ಮೇಲಿತ್ತು, ಆಮೇಲೆ ಅಗಲಿಸಿ ಊರಿದ ಪಾದಗಳ ಮೇಲೆ. ಅವಳು ಲೆಕ್ಕ ಹಾಕುತ್ತಿರುವುದು ಅವನಿಗೆ ಕಾಣುತ್ತಿತ್ತು. ಸ್ಕೂಟಿಯ ಹಿಂದಿನ ಸೀಟು, ಬಸ್ಸು, ಎಲ್ಲ ಒಂದೊಂದಾಗಿ ಹೊಂದಿಕೊಳ್ಳುತ್ತಿದ್ದವು. "ಪಪ್ಪಾ, ನಿಮಗ ಸೈಕಲ್ ಹೊಡಿಯಾಕ ಬರಂಗಿಲ್ಲೇನು?"

ಏಳಬೇಕೆಂದುಕೊಂಡ. ಏಳಲು ಹೋದರೆ ಸೈಕಲ್ಲು ಬೀಳುತ್ತಿತ್ತು. "ಇಲ್ಲವ್ವ" ಎಂದ.

"ಒಟ್ಟ ಬರಂಗಿಲ್ಲ?"

"ಒಟ್ಟ ಬರಂಗಿಲ್ಲ."

"ಮತ್ತ ನನಗ ಹ್ಯಾಂಗ ಕಲಸಾಕತ್ತಿದ್ರಿ!" ಎಂದು ಅವಳು ನಕ್ಕಳು. ನಿನ್ನೆಯ ನಗೆಯಲ್ಲ ಇದು. ಗೋಡೆಗೆ ಬಡಿದು ತಿರುಗಿ ಬರುವಂಥ ನಗೆ. ರೋಹಿತನೂ ಕಾರಣ ತಿಳಿಯದೆ ಕುಣಿದು ಕುಣಿದು ನಕ್ಕ. ಅವಮಾನ ಆಗಬೇಕಾದ ಜಾಗದಲ್ಲಿ ಕಲ್ಲೇಶ ಅವಮಾನವನ್ನು ಹುಡುಕಿದ, ಬಿದ್ದ ಹಲ್ಲಿನ ಜಾಗವನ್ನು ನಾಲಗೆಯಿಂದ ಹುಡುಕುವ ಹಾಗೆ. ಸಿಗಲಿಲ್ಲ. ಶೀತಲ ಫೋನನ್ನು ತಮ್ಮನ ಕೈಗೆ ಕೊಟ್ಟು, ಗೌನಿನ ತೋಳು ಮೇಲೆ ಸರಿಸಿ, ಬಂದು ಸೀಟಿನ ಹಿಂದೆ ಕೈ ಹಾಕಿದಳು. ದೊಡ್ಡವರ ದನಿಯಲ್ಲಿ, "ಮುಂದ ನೋಡ್ರಿ. ಕೆಳಗ ನೋಡಬ್ಯಾಡ್ರಿ. ತುಳೀರಿ" ಎಂದಳು. ಅವನದೇ ಮಾತು, ಅವನು ಎಲ್ಲೋ ಕೇಳಿ ಹೇಳಿದ್ದ ಮಾತು.

"ಬಿಡಬ್ಯಾಡ ಮತ್ತ."

"ಬಿಡ್ತೀನಿ. ಬಿಡೂಮುಂದ ಹೇಳತೀನಿ. ನಾ ನಿಮ್ಮಂಗ ಸುಳ್ಳು ಹೇಳಂಗಿಲ್ಲ."

ಅವನು ಹ್ಯಾಂಡಲು ಗಟ್ಟಿಯಾಗಿ ಹಿಡಿದ. ತುಳಿದ. ಪೆಡಲಿನ ಮೇಲೆ ಅವನ ಪಾದ ಅರ್ಧವೂ ಹಿಡಿಸುತ್ತಿರಲಿಲ್ಲ, ಪ್ರತಿ ಸುತ್ತಿಗೂ ಮೊಣಕಾಲು ಹ್ಯಾಂಡಲಿಗೆ ತಾಕುತ್ತಿತ್ತು. ಹಿಂದೆ ಮಗಳ ಚಪ್ಪಲಿಯ ಪಟಪಟ ಸದ್ದು, ಅವಳ ಏದುಸಿರು. "ಈಗ ಬಿಡಾಕತ್ತೀನಿ" ಎಂದಳು. "ಬಿಟ್ಟೆ." ಅಂದ ಹಾಗೆಯೇ ಬಿಟ್ಟಿದ್ದಳು. ಬೆನ್ನ ಹಿಂದೆ ಏನೂ ಇಲ್ಲದ್ದು ಬೆನ್ನಿಗೇ ತಿಳಿಯಿತು. ಸೈಕಲ್ಲು ಗೋಡೆಯ ಕಡೆ ಹೊರಳಿತು, ಆ ಕಡೆಯಿಂದ ಈ ಕಡೆಗೆ ಹೊರಳಿತು, ಮೇಲಿನಿಂದ ಆಕಾಶವೇ ಹರಿದ ಹಾಗೆ ಕೂಗು ಕೇಳಿತು. "ಯವ್ವಾ! ಬಿದ್ದ! ನನ್ನ ಮಗ ಬಿದ್ದ!" ಹಿಂದಿನ ಬಾಲ್ಕನಿಯಲ್ಲಿ ಸೀರೆ ಒಣಹಾಕುತ್ತಿದ್ದ ಶಿವದೇವಿ. ಕೂಗು ಮೊದಲು ಬಂತು, ಬಿದ್ದದ್ದು ಆಮೇಲೆ.

ಮಲಗಿದಲ್ಲಿಂದ ಅವನಿಗೆ ಬಾಲ್ಕನಿಗಳ ಕೆಳಮೈ ಕಂಡಿತು, ಒಂದೊಂದರಿಂದ ಇಣುಕಿದ ತಲೆಗಳು ಕಂಡವು. ಕೆಳಗಿನ ಮನೆಯ ಹುಡುಗರು ಓಡಿ ಬಂದು ಗಲ್ಲಿಯ ಬಾಯಲ್ಲಿ ಗುಂಪುಗೂಡಿದ್ದರು. "ಅಂಕುಲ್ ಪಡಿಪೋಯಾಡುರೋ!", ಬಿದ್ದೇಬಿಟ್ಟ, ಎಂದು ಒಬ್ಬ ಚಪ್ಪಾಳೆ ತಟ್ಟಿದ. ಶೀತಲ ಸೊಂಟಕ್ಕೆ ಕೈಯಿಟ್ಟು ತಿರುಗಿ ನಿಂತಳು. "ಮೀ ನಾನ್ನನಿ ರಮ್ಮನು! ಪಡತಾಡೋ ಲೇದೋ ಚೂದ್ದಾಂ!" ಎಂದಳು. ನಿಮ್ಮಪ್ಪನನ್ನು ಕರಿ, ಬೀಳ್ತಾನೋ ಇಲ್ಲೋ ನೋಡೋಣ. ಹುಡುಗ ಬಾಯಿ ಮುಚ್ಚಿಕೊಂಡ. ಅವನ ಅಪ್ಪ ಕೆಳಗಿನ ಮನೆಯ ಕಿಟಕಿಯಿಂದ ಇಣುಕುತ್ತಿದ್ದವನು ಮೆಲ್ಲಗೆ ಒಳಗೆ ಸರಿದ. ಕಲ್ಲೇಶ ಎದ್ದು ಕೂತು ಮೊಣಕೈ ತಿರುಗಿಸಿ ನೋಡಿಕೊಂಡ. ತೊಗಲು ಕಿತ್ತು ಸಾಲಾಗಿ ರಕ್ತದ ಹನಿಗಳು ಮೂಡುತ್ತಿದ್ದವು. ಅವನ ಜೀವಮಾನದಲ್ಲಿ ಅದು ಮೊದಲನೆಯ ತರಚುಗಾಯ. ಉರಿಯಿತು. ಉರಿ ತನ್ನದೇ ಎಂಬುದು ವಿಚಿತ್ರವಾಗಿತ್ತು, ಹೊಸ ಅಂಗಿಯ ಹಾಗೆ.

ಮೊಣಕಾಲು ನೋವಿನಿಂದ ಮೂರು ತಿಂಗಳಿಂದ ಮೆಟ್ಟಿಲು ಇಳಿಯದ ಶಿವದೇವಿ ಗೋಡೆ ಹಿಡಿದುಕೊಂಡು ಗಲ್ಲಿಗೆ ಬಂದಳು. ಸೆರಗು ನೆಲ ಎಳೆಯುತ್ತಿತ್ತು. "ಎಲ್ಲೈತಿ? ಎಲ್ಲಿ ಬಡೀತು? ತಲಿಗೆ ಬಡೀತೇನು?" ಎನ್ನುತ್ತ ಮಗನ ಮುಂದೆ ಕುಕ್ಕುರಿಸಿ ಕೂತು, ತಲೆ ಸವರಿ, ಕತ್ತು ಸವರಿ, ಕೊನೆಗೆ ಮೊಣಕೈ ಹಿಡಿದು ಬೆಳಕಿಗೆ ತಿರುಗಿಸಿದಳು. ಬಹಳ ಹೊತ್ತು ನೋಡಿದಳು. ಕನ್ನಡಕ ಮೇಲೇರಿಸಿ ಇನ್ನೊಮ್ಮೆ ನೋಡಿದಳು. ಕಲ್ಲೇಶ ಅಳುವಿಗೆ ಕಾದ, ಅರಿಶಿನಕ್ಕೆ ಕಾದ, ಬೈಗುಳಕ್ಕೆ ಕಾದ.

"ಇಷ್ಟೇನು?" ಎಂದಳು ಶಿವದೇವಿ.

"ಇಷ್ಟ ಯವ್ವಾ."

"ಬಿದ್ರ ಇಷ್ಟ ಆಗೂದೇನು?" ಅವಳ ದನಿಯಲ್ಲಿ ಯಾರೋ ತನಗೆ ಮೋಸ ಮಾಡಿದ ಸಿಟ್ಟಿತ್ತು. ಯಾರೆಂದು ಅವಳಿಗೂ ಗೊತ್ತಿದ್ದಂತೆ ಇರಲಿಲ್ಲ. ಮೊಮ್ಮಗನ ಕಡೆ, ಮೊಮ್ಮಗಳ ಕಡೆ, ನೆಲದ ಮೇಲೆ ಬಿದ್ದು ಇನ್ನೂ ಒಂದು ಚಕ್ರ ತಿರುಗಿಸುತ್ತಿದ್ದ ಸೈಕಲ್ಲಿನ ಕಡೆ ನೋಡಿದಳು. "ಇಷ್ಟಕ್ಕ ನಾ ಇಷ್ಟು ವರ್ಷ..." ಎಂದಳು. ಸೆರಗಿನ ಚುಂಗಿನಿಂದ ಮಗನ ಮೊಣಕೈ ಒರೆಸಿ, ಅವನ ಹೆಗಲ ಮೇಲೆ ಭಾರ ಹಾಕಿ ಎದ್ದು, ಮನೆಯ ಹಿಂಬಾಗಿಲ ಕಟ್ಟೆಯ ಮೇಲೆ ಹೋಗಿ ಕೂತಳು. ಕೂತು, ಹೊಲದಲ್ಲಿ ಆಳುಗಳಿಗೆ ಹೇಳುವ ದನಿಯಲ್ಲಿ, "ಏನ್ ಕುಂತೀಯೋ, ಹತ್ತು. ಮತ್ತ ಹತ್ತು" ಎಂದಳು.

ಹತ್ತಿದ. ಬಿದ್ದ. ಈ ಸಲ ಯಾರೂ ಕೂಗಲಿಲ್ಲ. ಶಿವದೇವಿ ತುಟಿ ಕಚ್ಚಿಕೊಂಡದ್ದು ಮಾತ್ರ ಕಂಡಿತು. ಮತ್ತೆ ಹತ್ತಿದ. ತೆಲುಗು ಹುಡುಗರು ನಗುವುದನ್ನು ಬಿಟ್ಟು ಸಲಹೆ ಕೊಡತೊಡಗಿದರು, ಒಬ್ಬೊಬ್ಬರದು ಒಂದೊಂದು, ಹ್ಯಾಂಡಲು ಬಿಗಿ ಹಿಡಿ, ಬಿಗಿ ಹಿಡಿಯಬೇಡ. ರೋಹಿತ ಫೋನಿನಲ್ಲಿ ಎಲ್ಲರ ಕಾಲುಗಳ ಫೋಟೋ ತೆಗೆಯುತ್ತಿದ್ದ. "ಬಿಡಾಕತ್ತೀನಿ ಪಪ್ಪಾ. ಬಿಟ್ಟೆ." ಅವಳ ಆ ಮಾತಿಗೆ ಅವನು ಈಗ ಕಾಯುವವನಾದ. ಹೆದರಿಕೆ ಹೋಗಿರಲಿಲ್ಲ, ಆದರೆ ಸುಳ್ಳಿಲ್ಲದ ಹೆದರಿಕೆ ಬೇರೆ ಥರ ಇರುತ್ತದೆ, ಅದರ ಜೊತೆ ತುಳಿಯಬಹುದು. ಬೆನ್ನಿನ ಹಿಂದಿನ ಖಾಲಿಯ ಕಡೆ ಗಮನ ಹೋದರೆ ಸೈಕಲ್ಲು ಹೊರಳುತ್ತಿತ್ತು. ಮುಂದೆ, ಗಲ್ಲಿಯ ತುದಿಯಲ್ಲಿ ಬಿಸಿಲು ಬಿದ್ದ ಜಾಗದ ಕಡೆ ನೋಡಿದರೆ ನೇರವಾಗುತ್ತಿತ್ತು. ಹಾಗೆ ನೋಡುತ್ತ ನೋಡುತ್ತ ಒಮ್ಮೆ ಶಾಲೆಯ ಗೋಡೆ ಉದ್ದಕ್ಕೂ ಅವನ ಪಕ್ಕದಲ್ಲಿ ಹಿಂದೆ ಸರಿದು ಮುಗಿದೇ ಹೋಯಿತು. ಬಿಸಿಲು ಮುಖಕ್ಕೆ ಹೊಡೆಯಿತು. ಹಿಂದೆ ಎಲ್ಲೋ ದೂರದಲ್ಲಿ ಮಕ್ಕಳು ಹೋ ಎಂದು ಕೂಗುತ್ತಿದ್ದರು, ಅಷ್ಟು ದೂರದಲ್ಲಿ. ನಿಲ್ಲಿಸುವುದು ಹೇಗೆಂದು ಯೋಚಿಸಿರಲಿಲ್ಲ. ಕಾಲಿನಿಂದ ಉಜ್ಜಿ ನಿಲ್ಲಿಸಿ, ತಳ್ಳಿ ತಿರುಗಿಸಿ, ಮತ್ತೆ ಹತ್ತಿ, ಏರನ್ನು ಏದುಸಿರು ಬಿಡುತ್ತ ತುಳಿದುಕೊಂಡು ಬಂದ. ಯಾರೂ ಹಿಡಿಯದೆ, ಯಾರಿಗೂ ಒಪ್ಪಿಸಬೇಕಿಲ್ಲದ ಮೈಯನ್ನು ಹೊತ್ತುಕೊಂಡು, ಕಪ್ಪೆಯ ಹಾಗೆ ಮೊಣಕಾಲು ಎತ್ತಿಕೊಂಡು ಅವನು ತಾಯಿಯ ಮುಂದೆ ಹಾದುಹೋದಾಗ ಶಿವದೇವಿ ತೆಲುಗಿನ ಹುಡುಗರಿಗೆ ಕನ್ನಡದಲ್ಲೇ ಹೇಳುತ್ತಿದ್ದಳು: "ನನ್ನ ಮಗ ಅವ. ನಂದ."

ಅವನು ಕಾಲೂರಿ ನಿಲ್ಲಿಸಿದ. ಶೀತಲ ಹ್ಯಾಂಡಲು ಕಸಿದುಕೊಂಡಳು. "ಸಾಕು, ಇಳೀರಿ. ನಂದು ಸೈಕಲ್." ಮಾರುವ ಮಾತು ಅವಳಿಗೆ ನೆನಪಿದ್ದಂತೆ ಕಾಣಲಿಲ್ಲ, ಅವನೂ ನೆನಪಿಸಲಿಲ್ಲ. ಹತ್ತಿ ಕೂತು, ತಿರುಗದೆ, "ನಿಮ್ಮ ಕೈ ಎಲ್ಲದಾವ?" ಎಂದು ಕೇಳಿದಳು. ಅವನ ಕೈ ತಾವಾಗಿಯೇ ಸೀಟಿನ ಹತ್ತಿರ ಹೋಗಿದ್ದವು. ಎರಡನ್ನೂ ಹಿಂದಕ್ಕೆಳೆದು ಬೆನ್ನ ಹಿಂದೆ ಒಂದನ್ನೊಂದು ಹಿಡಿದುಕೊಂಡ. "ನನ್ನ ಹಂತೇಕ ಅದಾವ" ಎಂದ. ಈ ಸಲ ಅದು ನಿಜವೆಂದು ಅವಳು ತಿರುಗಿ ನೋಡದೆಯೇ ನಂಬಿದಳು. ಹತ್ತು ಮಾರು ಹೋಗಿ ಬಿದ್ದಳು. ಅವನ ಕಾಲು ಮುಂದೆ ಹೋಯಿತು. ಮೈ ಮುಂದೆ ಬಾಗಿತು. ಬಾಯಲ್ಲಿ "ನಿಧಾನ" ಎಂಬ ಮಾತು ಹುಟ್ಟಿ ಹಲ್ಲಿನ ಹಿಂದೆ ನಿಂತಿತು. ಅಷ್ಟರಲ್ಲಿ ಅವಳು ಎದ್ದು ಅಂಗೈ ಗೌನಿಗೆ ಒರೆಸಿಕೊಂಡಾಗಿತ್ತು. ಕೆಳಗಿನ ಮನೆಯ ಹುಡುಗನೊಬ್ಬ ಸೈಕಲ್ಲು ಎತ್ತಿಕೊಟ್ಟ. ಮತ್ತೆ ಹತ್ತಿದಳು. ಮಕ್ಕಳು ಎಷ್ಟು ಬೇಗ ಕಲಿಯುತ್ತವೆ, ಹಿಡಿಯುವವರು ಇಲ್ಲದಿದ್ದರೆ. ನಾಲ್ಕಾರು ಸಲ ಬಿದ್ದಳೋ ಏನೋ, ಆಮೇಲೆ ಬೀಳಲಿಲ್ಲ. ಗಲ್ಲಿಯ ತುದಿ ಮುಟ್ಟಿ, ನಿಲ್ಲದೆ, ಮೂಲೆಯಲ್ಲಿ ಮೈ ಬಾಗಿಸಿ ಎದುರಿನ ಬೀದಿಯ ಕಡೆ ತಿರುಗಿಬಿಟ್ಟಳು.

ಗಲ್ಲಿ ಖಾಲಿಯಾಯಿತು. ಹುಡುಗರು ಅವಳ ಹಿಂದೆ ಓಡಿದರು, ರೋಹಿತ ಅವರ ಹಿಂದೆ. ಕಲ್ಲೇಶ ಮತ್ತು ಅವನ ತಾಯಿ ಇಬ್ಬರೇ ಉಳಿದರು. ಎದುರಿನ ಬೀದಿಯಲ್ಲಿ ಆಟೋಗಳಿವೆ, ನೀರಿನ ಟ್ಯಾಂಕರು ಬರುವ ಹೊತ್ತು, ಮೂಲೆಯಲ್ಲಿ ಅಗೆದು ಬಿಟ್ಟ ಗುಂಡಿ ಇದೆ. ಅವನ ಕಣ್ಣ ಮುಂದೆ ಆಫೀಸಿನ ಫೋಟೋಗಳು ಒಂದೊಂದಾಗಿ ಬಂದವು, ಬಂದು ಹೋದವು. ಓಡಬಹುದಿತ್ತು. ಶಿವದೇವಿ ಅವನ ಮುಖ ನೋಡುತ್ತಿದ್ದಳು, ಅವನು ಓಡುತ್ತಾನೋ ಏನೋ ಎಂದು. ಅವನು ನಿಂತ. ನಿಲ್ಲುವುದು ಓಡುವುದಕ್ಕಿಂತ ಕಷ್ಟದ ಕೆಲಸವಾಗಿತ್ತು, ಮೈಯ ಒಂದೊಂದು ನರವನ್ನೂ ಬೇರೆ ಬೇರೆಯಾಗಿ ಹಿಡಿದು ನಿಲ್ಲಿಸಬೇಕಾಗಿತ್ತು. ಮೊಣಕೈ ಉರಿಯುತ್ತಿತ್ತು. ಆ ಉರಿಯ ಮೇಲೆ ಮನಸ್ಸಿಟ್ಟು ನಿಂತ.

ಮೊದಲು ಕೇಳಿದ್ದು ಸ್ಕೂಟಿಯ ಹಾರ್ನು, ಮದುವೆಯ ಮೆರವಣಿಗೆಯಲ್ಲಿ ಹೊಡೆಯುವ ಹಾಗೆ ಬಿಡದೆ. ಗಲ್ಲಿಯ ಈ ತುದಿಯಿಂದ, ಅವನ ಬೆನ್ನ ಕಡೆಯಿಂದ. ಇಡೀ ಸಾಲು ಮನೆಗಳನ್ನು ಸುತ್ತಿ ಶೀತಲ ಬರುತ್ತಿದ್ದಳು, ಬೆವರಿಗೆ ಕೂದಲು ಹಣೆಗೆ ಅಂಟಿತ್ತು, ಬಾಯಿ ಅಷ್ಟಗಲ ತೆರೆದಿತ್ತು. ಅವಳ ಹಿಂದೆ, ಅವಳಿಗಿಂತ ವೇಗವಾಗಿ ಹೋಗದ ಹಾಗೆ ಕಷ್ಟಪಟ್ಟು ಸ್ಕೂಟಿ ನಡೆಸುತ್ತ, ಮುಂದೆ ಬಟ್ಟೆಯ ಚೀಲ ಇಟ್ಟುಕೊಂಡು ಶೈಲಶ್ರೀ. ಎಲ್ಲಿಂದ ಸಿಕ್ಕಳೋ, ಎಷ್ಟು ದೂರದಿಂದ ಹೀಗೆ ಕಾವಲು ಬರುತ್ತಿದ್ದಳೋ. ಅವಳ ಹಿಂದೆ ಗುಂಪು ಕಟ್ಟಿದ ಹುಡುಗರು, ಎಲ್ಲರಿಗಿಂತ ಕೊನೆಗೆ ಚಪ್ಪಲಿ ಕೈಯಲ್ಲಿ ಹಿಡಿದು ರೋಹಿತ. ಗಲ್ಲಿ ಸಣ್ಣದು, ನಡುವೆ ಕಲ್ಲೇಶ ನಿಂತಿದ್ದ.

"ಸರೀರಿ ಪಪ್ಪಾ!" ಎಂದು ಶೀತಲ ಕೂಗಿದಳು. "ದಾರಿ ಬಿಡ್ರಿ!"

ಅವನು ಎರಡೂ ಕೈ ಮೇಲೆತ್ತಿ, ಹೊಟ್ಟೆ ಒಳಗೆಳೆದುಕೊಂಡು, ಬೆನ್ನನ್ನು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟ. ಅವಳು ಬ್ರೇಕು ಹಾಕಲಿಲ್ಲ. ಅವಳ ಗೌನಿನ ಅಂಚು ಅವನ ಮಂಡಿಯನ್ನು ಸವರಿಕೊಂಡು ಹೋಯಿತು.